ಎಂ.ಎಸ್ಸಿ. ಕಂಪ್ಯುಟೇಷನಲ್ ಬಯಾಲಜಿ: ಸೇರುವ ಮೊದಲು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಈ ನಾಲ್ಕು ಸ್ಟಾರ್ ವಿಷಯಕ್ಕೆ ಮತ್ತು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ. ಅದನ್ನು ಕಲಿಸುವ ರೀತಿಗೆ ಎರಡೂವರೆ ಕೊಟ್ಟರೆ ಜಾಸ್ತಿ. ನಾನು ಯಾವ ವಿಶ್ವವಿದ್ಯಾಲಯದಲ್ಲಿ ಓದಿದೆ ಅಂತ ಇಲ್ಲಿ ಬರೆಯುವುದಿಲ್ಲ. ಯಾಕಂದ್ರೆ ನಾನು ಹೇಳುವ ದೂರುಗಳು ಒಂದು ಜಾಗದ್ದು ಮಾತ್ರ ಅಲ್ಲ, ಬೇರೆ ಬೇರೆ ಕಡೆ ಇದೇ ಡಿಗ್ರಿ ಮಾಡಿದ ಗೆಳತಿಯರ ಹತ್ತಿರ ಮಾತಾಡಿದಾಗಲೂ ಹೆಚ್ಚುಕಮ್ಮಿ ಇದೇ ಕಥೆ ಕೇಳಿದ್ದೇನೆ.

ಇದನ್ನು ಬರೆಯಲಿಕ್ಕೆ ಕಾರಣ ಉಂಟು. ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯಿಂದ ಫೋನ್ ಬರುತ್ತಾ ಇರುತ್ತದೆ. ಬಿ.ಎಸ್ಸಿ. ಮುಗಿಸಿದ ಮಕ್ಕಳಿಗಿಂತ ಅವರ ಅಪ್ಪ ಅಮ್ಮಂದಿರ ಫೋನೇ ಜಾಸ್ತಿ. "ಇದು ಎಂತ ಕೋರ್ಸು ಮಗಾ? ಕಂಪ್ಯೂಟರಾ, ಬಯಾಲಜಿಯಾ? ಕೆಲಸ ಸಿಗ್ತದಾ?" ಕೇಳುವುದು ಸರಿಯೇ. ಎಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್. ಅಂದರೆ ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತು. ಇದು ಗೊತ್ತಿಲ್ಲ. ಮಾಹಿತಿ ಹುಡುಕಿದರೆ ಸಿಗುವುದೂ ಕಾಲೇಜಿನವರೇ ಬರೆಸಿದ ಬಣ್ಣಬಣ್ಣದ ಜಾಹೀರಾತು. ಹಾಗಾಗಿ ಓದಿ ಮುಗಿಸಿ ಈಗ ಅದರಲ್ಲೇ ಕೆಲಸ ಮಾಡುವವಳಾಗಿ ನನಗೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ವಿಷಯ ಏನು ಅಂದರೆ, ಡಿಎನ್‌ಎ ಎಂಬುದು ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳ ಭಾರೀ ಉದ್ದದ ಸಾಲು. ಮನುಷ್ಯನದ್ದು ಸುಮಾರು 300 ಕೋಟಿ ಅಕ್ಷರ. ಭತ್ತದ್ದು 39 ಕೋಟಿ ಹತ್ತಿರ. ಅದನ್ನು ಓದಿ 2005ರಲ್ಲಿ ಪ್ರಕಟಿಸಿದ ಅಂತಾರಾಷ್ಟ್ರೀಯ ತಂಡದಲ್ಲಿ ಭಾರತವೂ ಇತ್ತು, 11ನೇ ಕ್ರೋಮೋಸೋಮಿನ ಕೆಲಸದಲ್ಲಿ ನಮ್ಮವರಿಗೆ ಪಾಲಿತ್ತು. ತೆಂಗಿನದ್ದು 240 ಕೋಟಿ ಆಸುಪಾಸು, 2017ರಲ್ಲಿ ಚೀನಾದ ತಂಡ ಮೊದಲು ಪ್ರಕಟಿಸಿತು. ಆಮೇಲೆ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯಲ್ಲೂ ತೆಂಗಿನ ಜೀನೋಮ್ (ಅಂದರೆ ಅದರ ಇಡೀ ಡಿಎನ್‌ಎ) ಮೇಲೆ ಕೆಲಸ ನಡೆದಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು, ಬಸ್ಸಲ್ಲಿ ಹೋಗುವಾಗ ಬೋರ್ಡು ನಾವೆಲ್ಲ ನೋಡಿರುತ್ತೇವೆ, ಒಳಗೆ ಎಂತ ನಡೆಯುತ್ತದೆ ಅಂತ ಕೇಳಿದವರು ಕಮ್ಮಿ. ಇಷ್ಟು ಕೋಟಿ ಅಕ್ಷರಗಳನ್ನು ಕಣ್ಣಲ್ಲಿ ಓದಿ ಅರ್ಥ ಮಾಡಲಿಕ್ಕೆ ಆಗುವುದಿಲ್ಲ ಅಲ್ವಾ? ಅದಕ್ಕೆ ಪ್ರೋಗ್ರಾಂ ಬೇಕು, ಗಣಿತ ಬೇಕು, ಸ್ಟಾಟಿಸ್ಟಿಕ್ಸ್ ಬೇಕು. ಆದರೆ ಬರೀ ಪ್ರೋಗ್ರಾಂ ಬಂದರೂ ಸಾಲದು, ಎಂತ ಹುಡುಕಬೇಕು ಅಂತ ಗೊತ್ತಿರಬೇಕು. ಇಷ್ಟೇ ಕಂಪ್ಯುಟೇಷನಲ್ ಬಯಾಲಜಿ. ಬಯೋಇನ್ಫರ್ಮ್ಯಾಟಿಕ್ಸ್ ಅಂತ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಡಿಗ್ರಿಯ ಹೆಸರು ನೋಡಿ ತಲೆಬಿಸಿ ಮಾಡಿಕೊಳ್ಳಬೇಡಿ, ಒಳಗಿನ ಪೇಪರುಗಳು ಯಾವುವು ಅಂತ ನೋಡಿ.

ಎಲ್ಲಿ ಉಂಟು ಅಂತ ಕೇಳುವವರಿಗೆ: ತಿರುವನಂತಪುರದ ಕಾರ್ಯವಟ್ಟಂನಲ್ಲಿ ಕೇರಳ ವಿಶ್ವವಿದ್ಯಾಲಯದ ಕಂಪ್ಯುಟೇಷನಲ್ ಬಯಾಲಜಿ ಮತ್ತು ಬಯೋಇನ್ಫರ್ಮ್ಯಾಟಿಕ್ಸ್ ವಿಭಾಗ ಇದೆ. ಪಾಂಡಿಚೇರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಬಯೋಇನ್ಫರ್ಮ್ಯಾಟಿಕ್ಸ್ ಇದೆ. ಪುಣೆ ವಿಶ್ವವಿದ್ಯಾಲಯದ ಬಯೋಇನ್ಫರ್ಮ್ಯಾಟಿಕ್ಸ್ ಸೆಂಟರ್ 1987ರದ್ದು, ದೇಶದಲ್ಲಿ ಈ ವಿಷಯದ ಹಳೆಯ ಕೇಂದ್ರಗಳಲ್ಲಿ ಒಂದು. ದೆಹಲಿಯ ಜೆಎನ್‌ಯುನಲ್ಲಿ ಇದಕ್ಕೆಂದೇ ಬೇರೆ ಸ್ಕೂಲ್ ಇದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈ ವಿಷಯ ಕಲಿಸುವ ಐಬಿಎಬಿ ಎಂಬ ಸಂಸ್ಥೆ ಇದೆ. ಇನ್ನು ನಮ್ಮದೇ ಜಿಲ್ಲೆಯ ಪೆರಿಯದಲ್ಲಿ, 2009ರಲ್ಲಿ ಶುರುವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಜೀನೋಮಿಕ್ ಸೈನ್ಸ್ ವಿಭಾಗ ಉಂಟು. ಅದು ಪೂರ್ತಿ ಕಂಪ್ಯೂಟರ್ ಕೋರ್ಸ್ ಅಲ್ಲ, ಆದರೆ ಹತ್ತಿರದ ವಿಷಯ. ಮಂಜೇಶ್ವರದವರಿಗೂ ಒಂದೂವರೆ ಎರಡು ಗಂಟೆಯ ದಾರಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಅರ್ಜಿ ಸಾಮಾನ್ಯವಾಗಿ ಡಿಸೆಂಬರ್-ಜನವರಿ ಹೊತ್ತಿಗೆ ಬರುತ್ತದೆ, ಪರೀಕ್ಷೆ ಮಾರ್ಚಿನಲ್ಲಿ. ನಮ್ಮ ಕಡೆಯ ಮಕ್ಕಳು ಡಿಗ್ರಿ ರಿಸಲ್ಟ್ ಬಂದ ಮೇಲೆ ಜೂನಿನಲ್ಲಿ ವಿಚಾರಿಸಲಿಕ್ಕೆ ಶುರು ಮಾಡುತ್ತಾರೆ. ಆಗ ಈ ಬಾಗಿಲು ಮುಚ್ಚಿಯಾಗಿರುತ್ತದೆ. ಕೊನೆಯ ವರ್ಷದ ಡಿಸೆಂಬರಿನಲ್ಲೇ ಕಣ್ಣಿಡಿ.

ಈಗ ಕ್ಲಾಸಿನ ವಿಷಯ.

ಮೊದಲ ಸೆಮಿಸ್ಟರ್‌ನಲ್ಲಿ ಎರಡು ಥರದವರು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಝುವಾಲಜಿ, ಬಾಟನಿ, ಮೈಕ್ರೋಬಯಾಲಜಿ ಓದಿ ಬಂದವರು ಒಂದು ಕಡೆ. ಬಿಸಿಎ, ಗಣಿತ, ಫಿಸಿಕ್ಸ್ ಓದಿದವರು ಇನ್ನೊಂದು ಕಡೆ. ಮೊದಲಿನವರಿಗೆ ಕಪ್ಪು ಪರದೆಯ ಲಿನಕ್ಸ್ ಟರ್ಮಿನಲ್ ನೋಡಿದರೆ ಹೆದರಿಕೆ. ಮೌಸ್ ಕೆಲಸಕ್ಕೆ ಬರುವುದಿಲ್ಲ, ಎಲ್ಲ ಟೈಪ್ ಮಾಡಿಯೇ ಹೇಳಬೇಕು. ಎರಡನೆಯವರಿಗೆ ಜೀನ್ ಬೇರೆ, ಪ್ರೋಟೀನ್ ಬೇರೆ ಅನ್ನುವಲ್ಲಿಂದಲೇ ಶುರು ಮಾಡಬೇಕು. ಒಳ್ಳೆಯ ವಿಭಾಗಗಳಲ್ಲಿ ಈ ಎರಡು ಗುಂಪಿಗೆ ಬೇರೆ ಬೇರೆ ಬ್ರಿಡ್ಜ್ ಕೋರ್ಸ್ ಇರುತ್ತದೆ. ನಾನು ಓದಿದಲ್ಲಿ ಅದು ವೇಳಾಪಟ್ಟಿಯಲ್ಲಿ ಇತ್ತು, ಕ್ಲಾಸ್ ನಡೆಯಲಿಲ್ಲ. ಹಾಗಾಗಿ ನಾವೇ ಜೋಡಿ ಮಾಡಿಕೊಂಡೆವು. ನಾನು ಪಾಲಕ್ಕಾಡಿನ ಒಬ್ಬಳಿಗೆ ರಾತ್ರಿ ಊಟದ ನಂತರ ಮೆಂಡೆಲ್‌ನಿಂದ ಹಿಡಿದು ಹೇಳಿಕೊಟ್ಟೆ, ಅವಳು ನನಗೆ ಪೈಥಾನ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಹೇಳಿಕೊಟ್ಟಳು. ಈ ಎರಡು ವರ್ಷದಲ್ಲಿ ನಾನು ಅತ್ಯಂತ ಚೆನ್ನಾಗಿ ಕಲಿತದ್ದು ಅವಳಿಂದ. ಸೇರುವವರಿಗೆ ನನ್ನ ಗಟ್ಟಿ ಸಲಹೆ: ಮೊದಲ ವಾರದಲ್ಲೇ ನಿಮಗೆ ಬಾರದ್ದು ಬರುವ ಒಬ್ಬರನ್ನು ಹುಡುಕಿಕೊಳ್ಳಿ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಕೇಳುವ ಪ್ರಶ್ನೆ ಒಂದುಂಟು, ಇಂಗ್ಲಿಷ್ ಕಷ್ಟ ಆಗ್ತದಾ ಅಂತ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮವೇ. ಪಾಠಕ್ಕಿಂತ ಕಷ್ಟ ಆಗುವುದು ಪ್ರಬಂಧ ಓದುವಾಗ ಮತ್ತು ಸೆಮಿನಾರ್ ಕೊಡುವಾಗ. ಒಂದು ಸಂಶೋಧನಾ ಪ್ರಬಂಧ ಮೊದಲ ಸಲ ಓದುವಾಗ ಒಂದು ಪುಟಕ್ಕೆ ಒಂದು ಸಂಜೆ ಹೋಗುತ್ತದೆ. ಅದು ಇಂಗ್ಲಿಷ್ ಮಾಧ್ಯಮದವರಿಗೂ ಹಾಗೆಯೇ, ಅವರು ಹೇಳುವುದಿಲ್ಲ ಅಷ್ಟೇ. ಮೂರನೇ ಸೆಮಿಸ್ಟರ್ ಹೊತ್ತಿಗೆ ಸರಿಯಾಗುತ್ತದೆ. ಕೋಡ್ ಬರೆಯಲಿಕ್ಕೆ ಬೇಕಾಗುವ ಇಂಗ್ಲಿಷ್ ಅಂತೂ ತೀರಾ ಸ್ವಲ್ಪ. ಇನ್ನು ಕೇರಳದ ಒಳಗೆ ಓದುವುದಾದರೆ ಹಾಸ್ಟೆಲಿನಲ್ಲಿ, ಕ್ಯಾಂಟೀನಿನಲ್ಲಿ ಮಲಯಾಳಂ ಬೇಕು. ನಮ್ಮ ಮಕ್ಕಳಿಗೆ ಅದು ಹೇಗೂ ಕಿವಿಗೆ ಬಿದ್ದ ಭಾಷೆ. ತುಳು, ಕನ್ನಡ, ಮಲಯಾಳಂ ಮೂರನ್ನೂ ಒಟ್ಟಿಗೆ ಸಂಭಾಳಿಸಿ ಬೆಳೆದವರು ನಾವು. ಈ ವಿಷಯದಲ್ಲಿ ಅಪ್ಪ ಅಮ್ಮ ಹೆದರುವುದು ಬೇಡ.

ಪಾಠಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಓದಿನ ರುಚಿ ಎಂಥದ್ದು ಅಂತ ಗೊತ್ತಾಗಲಿ.

ಎರಡು ಡಿಎನ್‌ಎ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಹೋಲಿಸುವುದಕ್ಕೆ ಅಲೈನ್‌ಮೆಂಟ್ ಅಂತಾರೆ. ಅದಕ್ಕೆ ನೀಡಲ್‌ಮನ್ ಮತ್ತು ವುನ್ಶ್ ಎಂಬ ಇಬ್ಬರು 1970ರಲ್ಲಿ ಕೊಟ್ಟ ವಿಧಾನವನ್ನು ನಮ್ಮ ಸಾರ್ ಕಂಪ್ಯೂಟರ್ ಮುಟ್ಟಲು ಬಿಡದೆ ಕಾಗದದ ಮೇಲೆ ಮಾಡಿಸಿದರು. ಚೌಕುಳಿ ಹಾಕಬೇಕು. ಮೇಲೆ ಒಂದು ಸಾಲು: ಜಿ, ಎ, ಟಿ, ಟಿ, ಎ. ಎಡಗಡೆ ಇನ್ನೊಂದು: ಜಿ, ಎ, ಟಿ, ಎ. ಅಕ್ಷರ ಸರಿಹೊಂದಿದರೆ ಒಂದು ಅಂಕ, ಹೊಂದದಿದ್ದರೆ ಒಂದು ಕಳೆಯಬೇಕು, ಖಾಲಿ ಬಿಟ್ಟರೆ ಎರಡು ಕಳೆಯಬೇಕು. ಪ್ರತಿ ಚೌಕಕ್ಕೆ ಮೂರು ದಾರಿಯಲ್ಲಿ ಬರಬಹುದು, ಮೂರರಲ್ಲಿ ದೊಡ್ಡ ಸಂಖ್ಯೆಯನ್ನು ಬರೆಯುತ್ತಾ ಹೋಗಬೇಕು. ಕೊನೆಯ ಚೌಕದಲ್ಲಿ ಎಲ್ಲರಿಗೂ ಎರಡು ಬಂತು. ನಾಲ್ಕು ಅಕ್ಷರ ಹೊಂದಿತು, ಒಂದು ಖಾಲಿ. ಸರಿ. ಆಗ ಸಾರ್ ಕೇಳಿದರು, "ಎರಡು ಟಿ ಇದೆಯಲ್ಲ, ಅದರಲ್ಲಿ ಬಿಟ್ಟುಹೋದದ್ದು ಯಾವ ಟಿ?" ಅರ್ಧ ಕ್ಲಾಸ್ ಮೊದಲನೆಯದು ಅಂತು, ಅರ್ಧ ಎರಡನೆಯದು ಅಂತು. ಎರಡಕ್ಕೂ ಅಂಕ ಅಷ್ಟೇ. ಎರಡೂ ಸರಿ. ಕಂಪ್ಯೂಟರ್ ಅದರಲ್ಲಿ ಒಂದನ್ನು ಆರಿಸಿ ಕೊಡುತ್ತದೆ, ಇನ್ನೊಂದು ಉತ್ತರವೂ ಇತ್ತು ಅಂತ ನಾವು ಕೇಳದೆ ಹೇಳುವುದಿಲ್ಲ.

ಇದು ಪರೀಕ್ಷೆಗೆ ಮಾತ್ರ ಬೇಕಾಗುವ ವಿಷಯ ಅಲ್ಲ ಮಾರಾಯ್ರೇ. ಈಗ ನನ್ನ ಕೆಲಸದಲ್ಲಿ ರೋಗಿಗಳ ಡಿಎನ್‌ಎಯಲ್ಲಿ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡುವಾಗ ಇದೇ ಪ್ರಶ್ನೆ ದಿನಾ ಬರುತ್ತದೆ. ಒಂದು ಲ್ಯಾಬ್ ಮೊದಲ ಅಕ್ಷರ ಬಿಟ್ಟುಹೋಗಿದೆ ಅಂತ ಬರೆದು, ಇನ್ನೊಂದು ಲ್ಯಾಬ್ ಎರಡನೆಯದು ಅಂತ ಬರೆದರೆ, ಒಂದೇ ಬದಲಾವಣೆ ಎರಡು ಬೇರೆ ಬದಲಾವಣೆಗಳ ಹಾಗೆ ಕಾಣುತ್ತದೆ. ಹಾಗಾಗದಿರಲಿ ಅಂತ, ವ್ಯತ್ಯಾಸಗಳನ್ನು ಪಟ್ಟಿ ಮಾಡುವ ವಿಸಿಎಫ್ ಎಂಬ ಫೈಲಿನಲ್ಲಿ ಇಂಥ ಜಾಗದಲ್ಲಿ ಎಡಕ್ಕೆ ಸರಿಸಿ ಬರೆಯಬೇಕು ಎಂಬ ನಿಯಮ ಇದೆ. ಬರೀ ಸಾಫ್ಟ್‌ವೇರ್ ಬಟನ್ ಒತ್ತಲು ಕಲಿತವರಿಗೆ ಈ ನಿಯಮ ಯಾಕೆ ಉಂಟು ಅಂತ ಗೊತ್ತಿರುವುದಿಲ್ಲ. ಕಾಗದದ ಮೇಲೆ ಚೌಕುಳಿ ಹಾಕಿದವರಿಗೆ ಗೊತ್ತಿರುತ್ತದೆ. ಆ ಒಂದು ಮಧ್ಯಾಹ್ನಕ್ಕಾಗಿ ಆ ಸಾರ್‌ಗೆ ನಾನು ಯಾವತ್ತೂ ಋಣಿ.

ದೂರು ಎಂತ ಅಂದರೆ, ಇಂಥ ಕ್ಲಾಸುಗಳು ಕಮ್ಮಿ. ಜಾಸ್ತಿ ಕ್ಲಾಸುಗಳು ವೆಬ್‌ಸೈಟ್ ತೆರೆಯುವುದು, ಸೀಕ್ವೆನ್ಸ್ (ಅಂದರೆ ಅಕ್ಷರಗಳ ಸಾಲು) ಪೇಸ್ಟ್ ಮಾಡುವುದು, ಬಂದ ಪುಟದ ಸ್ಕ್ರೀನ್‌ಶಾಟ್ ತೆಗೆದು ರೆಕಾರ್ಡ್ ಪುಸ್ತಕದಲ್ಲಿ ಅಂಟಿಸುವುದು. ರೆಕಾರ್ಡಿಗೆ ಸಹಿ ಬೀಳುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಬ್ಲಾಸ್ಟ್ ಎಂಬ ಹುಡುಕಾಟದ ಪ್ರೋಗ್ರಾಂ 1990ರದ್ದು, ಇವತ್ತಿಗೂ ದಿನಾ ಬಳಕೆಯಲ್ಲಿದೆ, ಕಲಿಯಲೇಬೇಕು. ಆದರೆ ಪರೀಕ್ಷೆಯಲ್ಲಿ "ಬ್ಲಾಸ್ಟ್‌ನ ವಿಧಗಳನ್ನು ವಿವರಿಸಿ" ಅಂತ ಹತ್ತು ಅಂಕಕ್ಕೆ ಕೇಳಿದರೆ ಬಾಯಿಪಾಠ ಮಾಡಿದವರಿಗೆ ಹತ್ತಕ್ಕೆ ಹತ್ತು. ಅದು ಕೊಡುವ ಇ-ವ್ಯಾಲ್ಯೂ (ಇಂಥ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಿಗಬಹುದು ಅನ್ನುವ ಅಂದಾಜು) ನೋಡಿ ಈ ಹೋಲಿಕೆ ನಂಬಬಹುದಾ ಇಲ್ವಾ ಅಂತ ನಿರ್ಧರಿಸುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಸ್ಟಾಟಿಸ್ಟಿಕ್ಸ್ ಒಂದೇ ಪೇಪರ್, ಅದನ್ನೂ ಅವಸರದಲ್ಲಿ ಮುಗಿಸುತ್ತಾರೆ. ನನ್ನ ಲೆಕ್ಕದಲ್ಲಿ ಈ ಇಡೀ ಡಿಗ್ರಿಯ ಬೆನ್ನೆಲುಬೇ ಅದು. ಕಂಪ್ಯೂಟರ್ ಲ್ಯಾಬಿನ ಸ್ಥಿತಿಯೂ ಹಾಗೆಯೇ. ದೊಡ್ಡ ಸರ್ವರ್ ಇದೆ ಅಂತ ಮಾಹಿತಿ ಪುಸ್ತಕದಲ್ಲಿ ಫೋಟೋ ಇರುತ್ತದೆ. ಎಂ.ಎಸ್ಸಿ. ಮಕ್ಕಳಿಗೆ ಅದರ ಪಾಸ್‌ವರ್ಡ್ ಕೊಡುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತಂದ ವಿಷಯ. ಎಂಟು ಜಿಬಿ ರ‍್ಯಾಮಿನ ಹಳೆ ಡೆಸ್ಕ್‌ಟಾಪಿನಲ್ಲಿ ಒಂದು ಜೀನೋಮ್ ಅನ್ನು ಎಷ್ಟು ದಿನ ಓಡಿಸಬಹುದು? ಮಧ್ಯದಲ್ಲಿ ಕರೆಂಟ್ ಹೋದರೆ ಮೊದಲಿಂದ ಶುರು.

ಹಾಗಾದರೆ ನಾಲ್ಕು ಸ್ಟಾರ್ ಯಾಕೆ? ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗಾಗಿ. ಈ ಡಿಗ್ರಿಯಲ್ಲಿ ನಿಮ್ಮನ್ನು ತಯಾರು ಮಾಡುವುದು ಅದೇ. ಉಳಿದ ಮೂರು ಸೆಮಿಸ್ಟರ್ ಅದಕ್ಕೆ ಸಿದ್ಧತೆ. ಹಾಗಾಗಿ ಸೇರುವ ಮೊದಲು ಕಟ್ಟಡ ನೋಡಬೇಡಿ, ರ‍್ಯಾಂಕಿಂಗ್ ನೋಡಬೇಡಿ, ಪ್ರಾಜೆಕ್ಟಿಗೆ ಗೈಡ್ ಆಗುವವರು ಯಾರು ಮತ್ತು ಅವರು ಕೆಲಸಕ್ಕೆ ಯಾವ ಕಂಪ್ಯೂಟರ್ ಕೊಡುತ್ತಾರೆ ಅಂತ ನೋಡಿ. ಈ ವಿಮರ್ಶೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನನ್ನ ಪ್ರಾಜೆಕ್ಟ್ ಭತ್ತದ ಬೆಂಕಿ ರೋಗದ ಮೇಲೆ. ಹೊಸದಾಗಿ ಸ್ಯಾಂಪಲ್ ತೆಗೆಯಲಿಕ್ಕೆ ದುಡ್ಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜಗತ್ತಿನ ಎಷ್ಟೋ ಲ್ಯಾಬುಗಳು ತಮ್ಮ ಡೇಟಾವನ್ನು ಯಾರು ಬೇಕಾದರೂ ಬಳಸಲಿ ಅಂತ ಎನ್‌ಸಿಬಿಐ ಎಂಬ ಅಮೆರಿಕದ ಸಾರ್ವಜನಿಕ ಡೇಟಾ ಭಂಡಾರದಲ್ಲಿ ಇಟ್ಟಿರುತ್ತವೆ. ರೋಗ ತಗಲಿದ ಎಲೆಯಲ್ಲಿ ಯಾವ ಜೀನ್‌ಗಳು ಜಾಸ್ತಿ ಕೆಲಸ ಮಾಡುತ್ತವೆ, ಯಾವುವು ಸುಮ್ಮನಾಗುತ್ತವೆ ಅಂತ ನೋಡುವುದು ನನ್ನ ಕೆಲಸ. ಡೇಟಾ ಇಳಿಸಿಕೊಂಡು, ಓದಿದ ಪ್ರತಿ ಅಕ್ಷರದ ಗುಣಮಟ್ಟ ನೋಡಬೇಕು. ಕ್ಯೂ30 ಅಂದರೆ ಸಾವಿರಕ್ಕೆ ಒಂದು ತಪ್ಪಿನ ಸಾಧ್ಯತೆ, ಕ್ಯೂ20 ಅಂದರೆ ನೂರಕ್ಕೆ ಒಂದು. ಕೆಟ್ಟದ್ದನ್ನು ಕತ್ತರಿಸಿ, ಉಳಿದದ್ದನ್ನು ಭತ್ತದ ಜೀನೋಮಿಗೆ ಹೊಂದಿಸಿ, ಪ್ರತಿ ಜೀನಿನ ಮೇಲೆ ಎಷ್ಟು ತುಣುಕು ಬಿತ್ತು ಅಂತ ಎಣಿಸಬೇಕು. ಅದೆಲ್ಲ ಆದ ಮೇಲೆ ಪಿಸಿಎ ಎಂಬ ಚಿತ್ರ ತೆಗೆಯುತ್ತಾರೆ. ಪ್ರತಿ ಸ್ಯಾಂಪಲ್ ಒಂದು ಚುಕ್ಕೆ. ಒಂದೇ ಥರದ ಸ್ಯಾಂಪಲ್‌ಗಳು ಹತ್ತಿರ ಕೂರುತ್ತವೆ.

ಚಿತ್ರ ಬಂತು. ಚುಕ್ಕೆಗಳು ಎರಡು ಗುಂಪಾಗಿ ಚಂದ ಬೇರೆಯಾಗಿದ್ದವು. ನಾನು ಖುಷಿಯಲ್ಲಿ ನನ್ನ ಗೈಡ್ ಮೇಡಂಗೆ ತೋರಿಸಿದೆ. ಅವರು ಒಂದು ನಿಮಿಷ ನೋಡಿ, "ಬಣ್ಣ ಬದಲಿಸು. ಆರೋಗ್ಯ-ರೋಗ ಅಂತ ಬೇಡ, ಯಾವ ದಿನ ಸೀಕ್ವೆನ್ಸ್ ಮಾಡಿದ್ದು ಅಂತ ಬಣ್ಣ ಕೊಡು" ಅಂದರು. ಕೊಟ್ಟೆ. ಎಡಗಡೆಯ ಗುಂಪು ಪೂರ್ತಿ ಒಂದು ದಿನದ್ದು, ಬಲಗಡೆಯದ್ದು ಪೂರ್ತಿ ಇನ್ನೊಂದು ದಿನದ್ದು. ರೋಗದ ಎಲೆ, ಒಳ್ಳೆಯ ಎಲೆ ಎರಡೂ ಎರಡು ಕಡೆಯೂ ಇದ್ದವು. ಅಂದರೆ ಆ ದೊಡ್ಡ ವ್ಯತ್ಯಾಸ ರೋಗದ್ದಲ್ಲ, ಯಂತ್ರ ಓಡಿದ ದಿನದ್ದು. ಎರಡು ಬೇರೆ ತಕ್ಕಡಿಯಲ್ಲಿ ತೂಗಿದ ಅಡಿಕೆಯನ್ನು ಹೋಲಿಸಿದ ಹಾಗೆ. ಇದಕ್ಕೆ ಬ್ಯಾಚ್ ಎಫೆಕ್ಟ್ ಅಂತಾರೆ. ಎರಡೂ ದಿನ ಎರಡೂ ಥರದ ಸ್ಯಾಂಪಲ್ ಇದ್ದದ್ದರಿಂದ ಡೆಸೆಕ್2 ಎಂಬ ಪ್ಯಾಕೇಜಿನಲ್ಲಿ ದಿನವನ್ನೂ ಲೆಕ್ಕಕ್ಕೆ ಸೇರಿಸಿ ರೋಗದ ಪರಿಣಾಮವನ್ನು ಬೇರೆಯಾಗಿ ತೆಗೆಯಲು ಆಯಿತು. ಒಳ್ಳೆಯ ಎಲೆಯನ್ನೆಲ್ಲ ಒಂದು ದಿನ, ರೋಗದ್ದನ್ನೆಲ್ಲ ಇನ್ನೊಂದು ದಿನ ಓಡಿಸಿದ್ದರೆ ಯಾವ ಸ್ಟಾಟಿಸ್ಟಿಕ್ಸ್‌ನಿಂದಲೂ ಅದನ್ನು ಬಿಡಿಸಲಿಕ್ಕೆ ಆಗುತ್ತಿರಲಿಲ್ಲ. ಡೇಟಾ ಇದ್ದೂ ಪ್ರಯೋಜನ ಇಲ್ಲ. ಇದನ್ನು ಮೇಡಂ ಬೋರ್ಡಿನಲ್ಲಿ ಬರೆದು ಹೇಳಿದ್ದಲ್ಲ, ನನ್ನದೇ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದ್ದು. ಅವತ್ತಿನಿಂದ ಯಾವ ಡೇಟಾ ಕೈಗೆ ಬಂದರೂ ನಾನು ಮೊದಲು ಕೇಳುವುದು, ಇದನ್ನು ಯಾರು, ಯಾವಾಗ, ಹೇಗೆ ತೆಗೆದರು ಅಂತ.

ನನಗೆ ಅಂಥ ಗೈಡ್ ಸಿಕ್ಕಿದರು. ನನ್ನ ಬ್ಯಾಚಿನ ಇನ್ನು ಕೆಲವರಿಗೆ ಸಿಗಲಿಲ್ಲ. ಗಿಡಮೂಲಿಕೆಯ ಒಂದು ರಾಸಾಯನಿಕ ತೆಗೆದುಕೊಂಡು, ಒಂದು ಪ್ರೋಟೀನ್ ತೆಗೆದುಕೊಂಡು, ಎರಡೂ ಹೇಗೆ ಅಂಟಿಕೊಳ್ಳುತ್ತವೆ ಅಂತ ಅಂದಾಜು ಮಾಡುವ ಡಾಕಿಂಗ್ ಸಾಫ್ಟ್‌ವೇರಿಗೆ ಹಾಕಿ, ಬಂದ ಸಂಖ್ಯೆ ಬರೆದು, "ಇದು ಔಷಧವಾಗಬಹುದು" ಅಂತ ಮುಗಿಸಿದರು. ಡಾಕಿಂಗ್ ಒಳ್ಳೆಯ ವಿಧಾನವೇ, ಸರಿಯಾಗಿ ಮಾಡುವವರು ಮಾಡಿದರೆ. ಆದರೆ ಸುಮ್ನೆ ಒಂದು ಸಂಖ್ಯೆ ತಂದು ಪ್ರಾಜೆಕ್ಟ್ ಅಂತ ಕೊಟ್ಟರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಆ ಮಕ್ಕಳು ದಡ್ಡರಲ್ಲ. ಅವರಿಗೆ ಸಮಯ ಕೊಡುವವರು ಇರಲಿಲ್ಲ. ಎರಡು ವರ್ಷ, ಅಪ್ಪ ಅಮ್ಮನ ದುಡ್ಡು, ಎಲ್ಲ ಹಾಕಿ ಬಂದವರಿಗೆ ಹೀಗೆ ಆಗಬಾರದು.

ಎಐ ಬಂದ ಮೇಲೆ ಇದೆಲ್ಲ ಬೇಕಾ ಅಂತ ಈಗ ಎಲ್ಲರೂ ಕೇಳುತ್ತಾರೆ. 2020ರಲ್ಲಿ ಆಲ್ಫಾಫೋಲ್ಡ್2 ಎಂಬ ಎಐ ಪ್ರೋಗ್ರಾಂ ಪ್ರೋಟೀನ್‌ಗಳ ಆಕಾರವನ್ನು ಅಕ್ಷರಗಳ ಸಾಲಿನಿಂದಲೇ ಹೇಳಿ ಬೆರಗು ಹುಟ್ಟಿಸಿತು. 2024ರ ಕೆಮಿಸ್ಟ್ರಿ ನೊಬೆಲ್ ಅದನ್ನು ಮಾಡಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಮತ್ತು ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ ಬಂತು. ಅಂದರೆ ನಮ್ಮ ವಿಷಯಕ್ಕೇ ಬಂದ ನೊಬೆಲ್. ಆದರೆ ಆ ಪ್ರೋಗ್ರಾಂ ಕಲಿತದ್ದು ಎಲ್ಲಿಂದ? 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಸಾವಿರಾರು ವಿಜ್ಞಾನಿಗಳು ಒಂದೊಂದಾಗಿ ಕೂಡಿಸಿಟ್ಟ ಆಕಾರಗಳಿಂದ. ಪ್ರೋಟೀನಿನ ಆಕಾರ ಸರಿ ಉಂಟಾ ಅಂತ ಪರೀಕ್ಷಿಸಲು ಇವತ್ತಿಗೂ ಎಲ್ಲರೂ ನೋಡುವ ನಕ್ಷೆ ರಾಮಚಂದ್ರನ್ ಪ್ಲಾಟ್. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು ಮಾಡಿದ್ದು ಅದು. ಹಳೆಯದು ಗೊತ್ತಿದ್ದವರಿಗೆ ಹೊಸದು ಹೇಳುವುದನ್ನು ಒರೆಗೆ ಹಚ್ಚಲಿಕ್ಕೆ ಆಗುತ್ತದೆ. ಎಐ ಕೋಡ್ ಬರೆದುಕೊಡುತ್ತದೆ, ನಾನೂ ದಿನಾ ಬಳಸುತ್ತೇನೆ. ಆದರೆ ಚುಕ್ಕೆಗಳಿಗೆ ದಿನದ ಬಣ್ಣ ಕೊಟ್ಟು ನೋಡಬೇಕು ಅಂತ ಹೊಳೆಯಬೇಕಾದ್ದು ನಮಗೇ.

ಕೆಲಸದ ವಿಷಯ. ಕ್ಯಾಂಪಸ್ಸಿಗೇ ಕಂಪೆನಿಗಳು ಸಾಲಾಗಿ ಬರುತ್ತವೆ ಅಂತ ತಿಳಿದುಕೊಳ್ಳಬೇಡಿ. ಬರುವುದಿಲ್ಲ. ಬೆಂಗಳೂರಿನಲ್ಲಿ ಮೆಡ್‌ಜೀನೋಮ್, ಸ್ಟ್ರ್ಯಾಂಡ್‌ನಂಥ ಜೆನೆಟಿಕ್ ಪರೀಕ್ಷೆ ಮಾಡುವ ಕಂಪೆನಿಗಳು ಇವೆ, ಔಷಧ ಕಂಪೆನಿಗಳಿಗೆ ಡೇಟಾ ಕೆಲಸ ಮಾಡಿಕೊಡುವವರೂ ಇದ್ದಾರೆ. ಅವರು ಮಾರ್ಕ್ಸ್‌ಕಾರ್ಡಿಗಿಂತ ನೀವು ಬರೆದ ಕೋಡ್ ನೋಡುತ್ತಾರೆ. ಹಾಗಾಗಿ ಪ್ರಾಜೆಕ್ಟ್ ಕೋಡನ್ನು ಗಿಟ್‌ಹಬ್ ಎಂಬ ಕೋಡ್ ಇಡುವ ಸೈಟಿನಲ್ಲಿ ಚೊಕ್ಕವಾಗಿ ಇಡುವುದನ್ನು ಮೊದಲ ಸೆಮಿಸ್ಟರಿನಿಂದಲೇ ರೂಢಿ ಮಾಡಿಕೊಳ್ಳಿ. ಸಂಶೋಧನೆಗೆ ಹೋಗುವವರು ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು, ಲೈಫ್ ಸೈನ್ಸಸ್‌ನಲ್ಲಿ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಇದು 2023ರ ಜನವರಿಯಿಂದ ಇರುವ ದರ. ಇಲ್ಲಿ ಒಂದು ತೊಂದರೆ ಉಂಟು. ನೆಟ್ ಪರೀಕ್ಷೆಯಲ್ಲಿ ಕಂಪ್ಯುಟೇಷನಲ್ ಬಯಾಲಜಿಗೆ ಸಿಗುವ ಜಾಗ ತೀರಾ ಕಮ್ಮಿ. ಇಕಾಲಜಿ, ಡೆವಲಪ್‌ಮೆಂಟಲ್ ಬಯಾಲಜಿ ಎಲ್ಲ ಬೇರೆಯಾಗಿ ಓದಬೇಕು. ಬಿಸಿಎಯಿಂದ ಬಂದವರಿಗೆ ಇದು ನಿಜವಾಗಿ ಕಷ್ಟ. ಅವರು ಕಂಪೆನಿ ದಾರಿ ಹಿಡಿಯುವುದು ಒಳ್ಳೆಯದು.

ಹೊರದೇಶದ ಬಗ್ಗೆ ಎರಡೇ ಮಾತು. ಅಮೆರಿಕದಲ್ಲಿ ಈ ವಿಷಯದ ಎಂ.ಎಸ್.ಗೆ ಸಾಮಾನ್ಯವಾಗಿ ನಾವೇ ದುಡ್ಡು ಹಾಕಬೇಕು, ಪಿಎಚ್‌ಡಿಗೆ ಹೆಚ್ಚಾಗಿ ಫೀಸ್ ಅವರೇ ಭರಿಸಿ ತಿಂಗಳ ಸ್ಟೈಪೆಂಡ್ ಕೊಡುತ್ತಾರೆ. ತೋಟ ಅಡವಿಟ್ಟು ಎಂ.ಎಸ್.ಗೆ ಹೋಗುವ ಯೋಚನೆ ಇದ್ದರೆ, ಮೊದಲು ಇಲ್ಲಿ ಎಂ.ಎಸ್ಸಿ. ಮುಗಿಸಿ ನೇರ ಪಿಎಚ್‌ಡಿಗೆ ಪ್ರಯತ್ನಿಸಿ. ನನ್ನ ಅಭಿಪ್ರಾಯ ಇದು, ಗಟ್ಟಿಯಾದದ್ದು.

ಯಾರು ಸೇರಬಾರದು ಅನ್ನುವುದನ್ನೂ ಹೇಳಬೇಕು. ಮೈಕ್ರೋಸ್ಕೋಪ್, ಗಿಡ, ಹೊಲ, ಕೈಯಲ್ಲಿ ಮಾಡುವ ಪ್ರಯೋಗ ಇಷ್ಟಪಡುವವರು ಬರಬೇಡಿ. ಇಲ್ಲಿ ದಿನಪೂರ್ತಿ ಪರದೆಯ ಮುಂದೆಯೇ ಕೂರಬೇಕು. ಐಟಿ ಕೆಲಸಕ್ಕೆ ಹಿಂಬಾಗಿಲು ಅಂತ ಬರುವವರೂ ಬೇಡ, ಅದಕ್ಕೆ ಎಂಸಿಎ ಉಂಟು. ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುವವರು ಬನ್ನಿ. ನಮ್ಮ ಜಿಲ್ಲೆಯಲ್ಲಿ ಪ್ರಶ್ನೆಗಳಿಗೆ ಬರ ಇಲ್ಲ. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ, ಮಳೆಗಾಲದ ಕೊಳೆರೋಗ. ಇನ್ನು ಕಾಸರಗೋಡು ಗಿಡ್ಡ ತಳಿಯ ದನ ಇಷ್ಟು ಸಣ್ಣ ಯಾಕೆ, ಇಷ್ಟು ಕಮ್ಮಿ ಮೇವಿನಲ್ಲಿ ಬದುಕುವುದು ಹೇಗೆ? ಹಳದಿ ರೋಗದ ತೋಟ ಕಡಿದು ಹಾಕಿದವರ ಮನೆಯ ಒಂದು ಮಗು ಆ ರೋಗ ತರುವ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಡೇಟಾ ಎದುರಿಗೆ ಕೂತರೆ ಅದರ ಓದಿಗೆ ಬೇರೆಯೇ ಜೀವ ಇರುತ್ತದೆ. ಅಂಥವರು ನಮ್ಮ ಕಡೆಯಿಂದ ಹೆಚ್ಚು ಜನ ಬರಬೇಕು ಅಂತ ನನಗೆ ತುಂಬಾ ಆಸೆ.

ಬರುವವರು ಸೇರುವ ಮೊದಲಿನ ರಜೆಯಲ್ಲಿ ಸ್ವಲ್ಪ ಕೆಲಸ ಮಾಡಿಟ್ಟುಕೊಳ್ಳಿ. ರೋಸಲಿಂಡ್ ಎಂಬ ಉಚಿತ ವೆಬ್‌ಸೈಟಿನಲ್ಲಿ ಸಣ್ಣ ಸಣ್ಣ ಲೆಕ್ಕಗಳ ಮೂಲಕ ಪೈಥಾನ್ ಮತ್ತು ಬಯಾಲಜಿ ಎರಡನ್ನೂ ಒಟ್ಟಿಗೆ ಕಲಿಯಬಹುದು, ಮೊದಲ ಲೆಕ್ಕವೇ ಒಂದು ಸಾಲಿನಲ್ಲಿ ಎ, ಸಿ, ಜಿ, ಟಿ ಎಷ್ಟೆಷ್ಟು ಅಂತ ಎಣಿಸುವುದು. ಲ್ಯಾಪ್‌ಟಾಪ್ ಹಳೆಯದಾದರೆ ಗೂಗಲ್ ಕೊಲ್ಯಾಬ್‌ನಲ್ಲಿ ಕೋಡ್ ಓಡಿಸಿ, ಬ್ರೌಸರ್ ಇದ್ದರೆ ಸಾಕು. ಗ್ಯಾಲಕ್ಸಿ ಎಂಬ ಸೈಟಿನಲ್ಲಿ ದೊಡ್ಡ ಡೇಟಾವನ್ನೂ ಅವರ ಸರ್ವರಿನಲ್ಲೇ ಉಚಿತವಾಗಿ ಓಡಿಸಬಹುದು, ಪಾಠಗಳೂ ಅಲ್ಲೇ ಉಂಟು. ಎನ್‌ಪಿಟಿಇಎಲ್ ಎಂಬ ಐಐಟಿಗಳ ಆನ್‌ಲೈನ್ ವೇದಿಕೆಯ ಸ್ಟಾಟಿಸ್ಟಿಕ್ಸ್ ಪಾಠಗಳನ್ನು ನಿಧಾನಕ್ಕೆ ನೋಡಿ. ಇದರಲ್ಲಿ ಯಾವುದಕ್ಕೂ ದುಡ್ಡಿನ ಅಗತ್ಯ ಇಲ್ಲ. ಪಟ್ಟಣದ ಕೋಚಿಂಗ್ ಸೆಂಟರಿಗೆ ಸಾವಿರಗಟ್ಟಲೆ ಕಟ್ಟಿ "ಬಯೋಇನ್ಫರ್ಮ್ಯಾಟಿಕ್ಸ್ ಸರ್ಟಿಫಿಕೇಟ್" ತೆಗೆದುಕೊಳ್ಳುವುದು ಖಂಡಿತ ಬೇಡ, ಅದನ್ನು ಯಾರೂ ಕೇಳುವುದಿಲ್ಲ.

ಕಾಲೇಜು ಆರಿಸುವಾಗ ಅಲ್ಲಿ ಎರಡನೇ ವರ್ಷದಲ್ಲಿ ಓದುತ್ತಿರುವವರನ್ನು ಹುಡುಕಿ ಮಾತಾಡಿ. ಪ್ರೊಫೆಸರರನ್ನಲ್ಲ, ಮಕ್ಕಳನ್ನು. ಸರ್ವರ್ ಬಳಸಲಿಕ್ಕೆ ನಿಮಗೆ ಲಾಗಿನ್ ಕೊಟ್ಟಿದ್ದಾರಾ? ಗೈಡ್ ವಾರಕ್ಕೆ ಎಷ್ಟು ಸಲ ಸಿಗುತ್ತಾರೆ? ಹೋದ ಬ್ಯಾಚಿನವರ ಪ್ರಾಜೆಕ್ಟ್ ವರದಿ ಒಂದು ತೋರಿಸುತ್ತೀರಾ? ಇಷ್ಟು ಕೇಳಿ. ವರದಿ ಸಿಕ್ಕಿದರೆ ಕೊನೆಯ ಅಧ್ಯಾಯ ಓದಿ. ಅದರಲ್ಲಿ ಬರೀ ಸ್ಕ್ರೀನ್‌ಶಾಟ್ ಇದ್ದರೆ ಬೇರೆ ಕಡೆ ನೋಡಿ. ಪೆರಿಯ ಹತ್ತಿರವೇ ಇರುವುದರಿಂದ ಕಾಸರಗೋಡಿನವರು ಒಂದು ದಿನ ಅಲ್ಲಿಗೂ ಹೋಗಿ ಬನ್ನಿ, ಸೇರಿದರೂ ಸೇರದಿದ್ದರೂ ಇಂಥ ವಿಭಾಗ ಹೇಗಿರುತ್ತದೆ ಅಂತ ಕಣ್ಣಾರೆ ನೋಡಿದ ಹಾಗಾಗುತ್ತದೆ. ಸಿಯುಇಟಿ ಅರ್ಜಿಗೆ ಬೇಕಾಗುವ ಜಾತಿ, ಆದಾಯ ಪ್ರಮಾಣಪತ್ರಗಳನ್ನು ನವೆಂಬರಿನಲ್ಲೇ ಮಾಡಿಸಿಟ್ಟುಕೊಳ್ಳಿ, ಕೊನೆ ವಾರದಲ್ಲಿ ವಿಲೇಜ್ ಆಫೀಸಿನಲ್ಲಿ ರಶ್ ಜಾಸ್ತಿ ಇರುತ್ತದೆ.